ಅಪ್ಪ ಅಮ್ಮನನ್ನು ಪುಣೆಗೆ ಕರ್ಕೊಂಡು ಬರುವ ಮೊದಲು

ಕೆಲಸ ಪುಣೆಯಲ್ಲೇ ಗಟ್ಟಿಯಾಯ್ತು, ಹುಬ್ಬಳ್ಳಿಯಲ್ಲಿರುವ ಅಪ್ಪ ಅಮ್ಮನನ್ನು ಇಲ್ಲಿಗೇ ಕರೆಸಿಕೊಳ್ಳಬೇಕು, ವಯಸ್ಸಾದವರಿಗೆ ಇಲ್ಲಿ ಏನೇನು ಅನುಕೂಲ ಇದೆ ಅಂತ ಕೇಳಿದ್ದೀರಿ. ಧೈರ್ಯವಾಗಿ ಕರ್ಕೊಂಡು ಬನ್ನಿ. ಆದರೆ ಕಾಗದ ಪತ್ರಕ್ಕಿಂತ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಏರಿಯಾದ ಜ್ಯೇಷ್ಠ ನಾಗರಿಕ ಸಂಘ, ಅಂದರೆ ಹಿರಿಯ ನಾಗರಿಕರ ಸಂಘ, ಎಲ್ಲಿದೆ ಅಂತ ಹುಡುಕಿ, ಅಪ್ಪನನ್ನು ಮೊದಲ ವಾರದಲ್ಲೇ ಅಲ್ಲಿಗೆ ಕರ್ಕೊಂಡು ಹೋಗಿ.

ಪುಣೆಯಲ್ಲಿ ಇಂಥ ಸಂಘಗಳು ತುಂಬಾ ಇವೆ. ಕೋಥ್ರೂಡ್, ಕರ್ವೆನಗರ, ಸಿಂಹಗಡ ರಸ್ತೆ ಕಡೆ ಯಾವ ಉದ್ಯಾನಕ್ಕೆ ಹೋದರೂ ಸಂಜೆ ಹಿರಿಯರ ಒಂದು ಗುಂಪು ಕೂತಿರುತ್ತದೆ, ಅವರನ್ನು ಕೇಳಿದರೆ ಸಾಕು. ಮಹಾನಗರಪಾಲಿಕೆ ಕಟ್ಟಿಸಿರುವ ವಿರಂಗುಳಾ ಕೇಂದ್ರಗಳೂ ಇವೆ, ಅಂದರೆ ಹಿರಿಯರು ಹೊತ್ತು ಕಳೆಯುವ ಜಾಗಗಳು. ಪೇಪರ್ ಓದೋದು, ಕೇರಂ, ಬಿಪಿ ಶುಗರ್ ತಪಾಸಣೆ, ಹುಟ್ಟುಹಬ್ಬ, ವರ್ಷಕ್ಕೊಂದು ಪ್ರವಾಸ, ಹೀಗೆ ನಡೆಯುತ್ತಿರುತ್ತದೆ. ಮಾತೆಲ್ಲ ಮರಾಠಿಯಲ್ಲೇ. ಹುಬ್ಬಳ್ಳಿ ಕಡೆಯವರ ಕಿವಿಗೆ ಮರಾಠಿ ಹೊಸದೇನಲ್ಲ ಅಲ್ವಾ, ಬೇಗ ಹೊಂದಿಕೊಳ್ಳುತ್ತಾರೆ. ಅಮ್ಮನಿಗೆ ಸೊಸೈಟಿಯ ಹೆಂಗಸರ ಭಜನೆ ಮಂಡಳಿ, ಸಂಕ್ರಾಂತಿಯ ಅರಿಶಿನ ಕುಂಕುಮ ಇದ್ದರೆ ಗೆಳತಿಯರು ತಾವಾಗೇ ಆಗುತ್ತಾರೆ. ಕನ್ನಡ ಕೇಳದೆ ಬೇಜಾರಾದಾಗ ಪುಣೆ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಕರ್ಕೊಂಡು ಹೋಗಿ. ಇಷ್ಟೊಂದು ಒತ್ತಿ ಹೇಳೋದು ಯಾಕಂದ್ರೆ, ಮಗ ಸೊಸೆ ಇಬ್ಬರೂ ಹಿಂಜೆವಾಡಿಯ ಐಟಿ ಆಫೀಸಿಗೆ ಹೋದ ಮೇಲೆ ಮೂರನೇ ಮಹಡಿಯ ಫ್ಲಾಟ್‌ನಲ್ಲಿ ಇಬ್ಬರೇ ಕೂತು ಸಂಜೆಯವರೆಗೆ ಬಾಗಿಲು ನೋಡುವ ಹಿರಿಯರನ್ನು ಇಲ್ಲಿ ಬಹಳ ನೋಡಿದ್ದೇನೆ. ಔಷಧಿಗೆ ಕೊರತೆ ಇರಲ್ಲ, ಮಾತಾಡಲು ಮಾತ್ರ ಯಾರೂ ಇರಲ್ಲ.

ಇನ್ನು ಆಧಾರ್ ವಿಳಾಸ. ಬಂದ ತಕ್ಷಣ ಎಲ್ಲವನ್ನೂ ಪುಣೆಗೆ ಬದಲಾಯಿಸಬೇಡಿ, ಕೂತು ಲೆಕ್ಕ ಹಾಕಿ. ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಅಮ್ಮ ಉಚಿತವಾಗಿ ಬಸ್ಸಲ್ಲಿ ಓಡಾಡಬೇಕಾದರೆ ಅಲ್ಲಿನ ವಿಳಾಸ ಇರುವ ಗುರುತಿನ ಚೀಟಿ ಬೇಕು. ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿದ್ದರೆ ಅದು ಅಲ್ಲಿನ ರೇಷನ್ ಕಾರ್ಡಿಗೆ ಅಂಟಿಕೊಂಡಿದೆ. ಇಲ್ಲಿ ಮಹಾರಾಷ್ಟ್ರದ ಹಿರಿಯರಿಗೆ ಎಸ್‌ಟಿ (ಇಲ್ಲಿನ ಸರ್ಕಾರಿ ಸಾರಿಗೆ) ಬಸ್ಸಲ್ಲಿ 65 ದಾಟಿದರೆ ಅರ್ಧ ಟಿಕೆಟ್, 75 ದಾಟಿದರೆ 2022ರಿಂದ ಪೂರ್ತಿ ಉಚಿತ, ಆದರೆ ರಾಜ್ಯದ ಗಡಿಯವರೆಗೆ ಮಾತ್ರ. ವರ್ಷದಲ್ಲಿ ಅರ್ಧದಷ್ಟು ದಿನ ಊರಲ್ಲೇ ಇರುವವರಾದರೆ ಅಮ್ಮನ ವಿಳಾಸ ಹುಬ್ಬಳ್ಳಿಯಲ್ಲೇ ಇರಲಿ ಅನ್ನೋದು ನನ್ನ ಅಭಿಪ್ರಾಯ.

70 ದಾಟಿದವರಿಗೆ ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗಿನ ಉಚಿತ ಆಸ್ಪತ್ರೆ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರಿನಿಂದ ಇದೆ. ವಯಸ್ಸನ್ನು ಆಧಾರ್ ನೋಡಿಯೇ ಲೆಕ್ಕ ಹಾಕುತ್ತಾರೆ, ಹಾಗಾಗಿ ಹುಟ್ಟಿದ ತಾರೀಖು ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿ. ಎಲ್ಲ ದೊಡ್ಡ ಆಸ್ಪತ್ರೆಗಳೂ ಈ ಕಾರ್ಡ್ ತಗೊಳ್ಳಲ್ಲ. ನಿಮ್ಮ ಮನೆಗೆ ಹತ್ತಿರ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ಆರಾಮಾಗಿರುವಾಗಲೇ ಕೇಳಿ ಇಟ್ಟುಕೊಳ್ಳಿ, ರಾತ್ರಿ ಎರಡು ಗಂಟೆಗೆ ಆಂಬ್ಯುಲೆನ್ಸ್ ಒಳಗೆ ಕೂತು ಹುಡುಕೋದು ಬೇಡ.

ಹಗಲು ನೋಡಿಕೊಳ್ಳಲು ಯಾರಾದರೂ ಬೇಕಾದರೆ ಬ್ಯೂರೋಗಳಿಂದ ಮಾವಶಿ (ಮನೆಗೆ ಬಂದು ನೋಡಿಕೊಳ್ಳುವ ಹೆಂಗಸು) ಸಿಗುತ್ತಾರೆ, 12 ಗಂಟೆಗೂ 24 ಗಂಟೆಗೂ. ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಅಂತ ಕಾಗದ ನೋಡಿಯೇ ಒಪ್ಪಿಕೊಳ್ಳಿ. ಪುಣೆ ಪೊಲೀಸರ ನೆರವು ಘಟಕವಾದ ಭರೋಸಾ ಸೆಲ್‌ನಲ್ಲಿ ಹಿರಿಯರಿಗಾಗಿ ಬೇರೆ ವಿಭಾಗ ಇದೆ, ನೀವು ಊರಲ್ಲಿ ಇಲ್ಲದ ದಿನಗಳಿಗೆ ಅಪ್ಪ ಅಮ್ಮನ ಹೆಸರು ಅಲ್ಲಿ ಬರೆಸಿರಿ. 14567 ಅಂತ ಹಿರಿಯರ ಸಹಾಯವಾಣಿ ಇದೆ, ಅದು ಫ್ರೀ. ಪಿಂಚಣಿ, ಕಾನೂನು, ಮನೆಯಲ್ಲಿ ಕಿರುಕುಳ, ಯಾವುದಕ್ಕೂ ಕೇಳಬಹುದು. ಆ ನಂಬರನ್ನು ಅವರ ಫೋನಿನಲ್ಲೇ ಸೇವ್ ಮಾಡಿ ಕೊಡಿ, ನಿಮ್ಮ ಫೋನಿನಲ್ಲಿ ಇದ್ದರೆ ಉಪಯೋಗ ಇಲ್ಲ.

ಮನೆ ಇನ್ನೂ ಹುಡುಕುತ್ತಾ ಇದ್ದರೆ ಆಫೀಸಿಗೆ ಹತ್ತಿರ ಅಂತ ನೋಡಬೇಡಿ. ಲಿಫ್ಟ್ ಇರಲಿ, ನಡೆದು ಹೋಗುವಷ್ಟು ದೂರದಲ್ಲಿ ಉದ್ಯಾನ, ದೇವಸ್ಥಾನ, ಡಾಕ್ಟರ್ ಇರಲಿ. ಯಾವ ಏರಿಯಾ ನೋಡ್ತಿದ್ದೀರಿ ಅಂತ ಬರೆಯಿರಿ, ಅಲ್ಲಿನ ಸಂಘದಲ್ಲಿ ಕನ್ನಡದವರು ಇದ್ದಾರಾ ಅಂತ ವಿಚಾರಿಸಿ ಹೇಳುತ್ತೇನೆ.