ಗೋಡೆಯ ಮೇಲಿನ ಮಾತು, ಬಡ್ತಿಯ ಪಟ್ಟಿ

ಪ್ರಶ್ನೆ: ಏಳು ವರ್ಷದಿಂದ ಮಾರಾಟ ವಿಭಾಗದಲ್ಲಿದ್ದೇನೆ. ಬೇಡವೆಂದವರ ತಲೆಗೂ ಕಟ್ಟಿ ಬರುವ ಕೆಲಸ ಸಾಕಾಗಿದೆ. ಈ ಸಲವಾದರೂ ನನ್ನ ಮೌಲ್ಯಗಳಿಗೆ ಹೊಂದುವ ಕಂಪನಿ ಸೇರಬೇಕೆಂದಿದ್ದೇನೆ. ಆದರೆ ಯಾವ ವೆಬ್‌ಸೈಟ್ ತೆರೆದರೂ ‘ಪ್ರಾಮಾಣಿಕತೆ, ಗೌರವ, ಗ್ರಾಹಕನೇ ಮೊದಲು’ ಎಂದೇ ಇದೆ. ನಿಜ ತಿಳಿಯುವುದು ಹೇಗೆ?

ಉತ್ತರ: ಆ ಸಾಲುಗಳನ್ನು ಓದಿ ಪಕ್ಕಕ್ಕಿಡಿ. ಅಮೆರಿಕದ ಎನ್ರಾನ್ ಕಂಪನಿ 2000ದ ವಾರ್ಷಿಕ ವರದಿಯಲ್ಲಿ ತನ್ನ ಮೌಲ್ಯಗಳನ್ನು ಅಚ್ಚು ಹಾಕಿಸಿತ್ತು: ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ. ಲೆಕ್ಕಪತ್ರದ ಮೋಸ ಬಯಲಾಗಿ 2001ರ ಡಿಸೆಂಬರ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು.

ಕಂಪನಿಯದ್ದು ಆಮೇಲೆ, ಮೊದಲು ನಿಮ್ಮ ಪಟ್ಟಿ ಆಗಲಿ. ‘ನನಗೆ ಪ್ರಾಮಾಣಿಕತೆ ಮುಖ್ಯ’ ಎಂದು ಬರೆದರೆ ಅದೂ ಗೋಡೆಬರಹವೇ. ಕೆಲಸ ಮುಗಿಸಿ ಮನೆಗೆ ಬಂದಮೇಲೂ ಮನಸ್ಸು ಕುದಿಯುತ್ತಿದ್ದ ಮೂರು ದಿನ, ಹೆಮ್ಮೆ ಅನ್ನಿಸಿದ ಮೂರು ದಿನ ನೆನಪಿಸಿಕೊಳ್ಳಿ. ಅವತ್ತು ಏನಾಯಿತು, ಯಾರು ಏನು ಹೇಳಿದರು, ನೀವೇನು ಮಾಡಿದಿರಿ ಎಂದು ಬರೆಯಿರಿ. ಅದರಿಂದ ‘ಇದನ್ನು ಮಾಡಲಾರೆ’ ಎನ್ನುವಂಥ ವಾಕ್ಯ ತೆಗೆಯಿರಿ. ನಿಮ್ಮ ವಿಷಯದಲ್ಲಿ ಅದು ಆಗಲೇ ಪತ್ರದಲ್ಲಿದೆ: ‘ಬೇಡವೆಂದ ಗ್ರಾಹಕನಿಗೆ ಮಾರಲಾರೆ.’ ಇದನ್ನು ಒರೆಗೆ ಹಚ್ಚಿ ನೋಡಬಹುದು, ‘ಪ್ರಾಮಾಣಿಕತೆ’ಯನ್ನು ಹಾಗೆ ನೋಡಲಾಗದು. ಇಂಥ ಕಡ್ಡಾಯದ ವಾಕ್ಯ ಮೂರಕ್ಕಿಂತ ಹೆಚ್ಚಿರಬಾರದು. ಹತ್ತು ಬರೆದುಕೊಂಡರೆ ನಿಮ್ಮ ಸ್ವಂತ ಕಂಪನಿಯೂ ಪಾಸಾಗುವುದಿಲ್ಲ.

ಇನ್ನು ಕಂಪನಿ. ಅಲ್ಲಿ ದುಡ್ಡು ಮತ್ತು ಬಡ್ತಿ ಯಾವುದಕ್ಕೆ ಸಿಗುತ್ತದೋ ಅದೇ ಅಲ್ಲಿನ ಮೌಲ್ಯ. ಮಾರಾಟದವರಿಗಂತೂ ಇನ್ಸೆಂಟಿವ್ ಪಟ್ಟಿಯೇ ಕನ್ನಡಿ. ತಿಂಗಳಿಗೆ ಎಷ್ಟು ಮಾರಿದಿರಿ ಎಂಬುದಕ್ಕೆ ಮಾತ್ರ ಹಣವೋ, ವರ್ಷದ ಮೇಲೂ ಉಳಿದ ಗ್ರಾಹಕರಿಗೂ ಲೆಕ್ಕವಿದೆಯೋ? ಮಾರಿದ್ದು ವಾಪಸ್ ಬಂದರೆ ಆ ಹಣ ಕಡಿತವಾಗುತ್ತದೆಯೋ? ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಖಾತೆ ತೆರೆದದ್ದಕ್ಕೆ 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಲ್ಲಿ ಸಿಬ್ಬಂದಿಯ ಬೆನ್ನ ಹಿಂದೆ ಇದ್ದದ್ದು ಮುಟ್ಟಲಾಗದ ಟಾರ್ಗೆಟ್. ಅಂಥ ಕಡೆ ಒಳ್ಳೆಯವರು ಒಂದೋ ಬಿಟ್ಟು ಹೋಗುತ್ತಾರೆ, ಇಲ್ಲವೇ ಒಗ್ಗಿಕೊಳ್ಳುತ್ತಾರೆ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿ ಎಲ್ಲರಿಗೂ ಸಿಗುತ್ತದೆ. ಅಧ್ಯಕ್ಷರ ಪತ್ರ ಬಿಟ್ಟು, ಹಿರಿಯ ಅಧಿಕಾರಿಗಳ ಸಂಭಾವನೆ ಮತ್ತು ಬಾಕಿ ಇರುವ ಮೊಕದ್ದಮೆಗಳ ಭಾಗ ಓದಿ. ಆಮೇಲೆ, ನೀವು ಸೇರಬೇಕೆಂದಿರುವ ವಿಭಾಗದಲ್ಲೇ ಇದ್ದು, ಬಿಟ್ಟು ಆರು ತಿಂಗಳಿಂದ ಎರಡು ವರ್ಷವಾಗಿರುವ ಇಬ್ಬರು ಮೂವರನ್ನು ಹುಡುಕಿ. ಹೋದ ತಿಂಗಳು ಬಿಟ್ಟವರ ಸಿಟ್ಟು ಇನ್ನೂ ಆರಿರುವುದಿಲ್ಲ. ಐದು ವರ್ಷ ಹಿಂದೆ ಬಿಟ್ಟವರು ಕಂಡ ಕಂಪನಿ ಈಗ ಇರುವುದಿಲ್ಲ. ‘ಕಂಪನಿ ಹೇಗೆ?’ ಎಂದು ಕೇಳಬೇಡಿ. ‘ಕೊನೆಯ ಸಲ ಯಾರಿಗೆ ಬಡ್ತಿ ಸಿಕ್ಕಿತು, ಯಾಕೆ ಸಿಕ್ಕಿತು ಅಂತ ನಿಮಗನ್ನಿಸುತ್ತೆ?’ ಎಂದು ಕೇಳಿ. ಇಂಟರ್ನೆಟ್ ವಿಮರ್ಶೆಗಳಲ್ಲಿ ಸ್ಟಾರ್ ಲೆಕ್ಕ ಬೇಡ. ಒಂದೇ ದೂರು ಬೇರೆ ಬೇರೆ ಮಾತಿನಲ್ಲಿ, ಬೇರೆ ಬೇರೆ ವರ್ಷ ಬಂದಿದ್ದರೆ ಅದನ್ನು ನಂಬಿ. ಒಂದೇ ವಾರದಲ್ಲಿ ಸುರಿದ ಹೊಗಳಿಕೆಗಳನ್ನು ಬಿಟ್ಟುಬಿಡಿ.

ಪ್ರಶ್ನೆ: ಇಂಟರ್ವ್ಯೂನಲ್ಲಿ ಇದನ್ನೆಲ್ಲ ಕೇಳಿದರೆ ತಲೆಹರಟೆ ಅನ್ನುವುದಿಲ್ಲವೇ?

ಉತ್ತರ: ‘ನಿಮ್ಮ ಕಂಪನಿ ಪ್ರಾಮಾಣಿಕವೇ?’ ಎಂದರೆ ತಲೆಹರಟೆಯೇ. ಇಲ್ಲ ಎನ್ನುವವರೂ ಯಾರಿಲ್ಲ. ಅಭಿಪ್ರಾಯ ಕೇಳಬೇಡಿ, ನಡೆದ ಸಂಗತಿ ಕೇಳಿ. ‘ಸರ್, ಲಾಭ ಇದ್ದರೂ ಈಚೆಗೆ ನೀವು ಬೇಡ ಅಂತ ಬಿಟ್ಟ ವ್ಯವಹಾರ ಯಾವುದಾದರೂ ಇದೆಯಾ?’ ‘ಟಾರ್ಗೆಟ್ ಮುಟ್ಟದ ತಿಂಗಳು ಇಲ್ಲಿ ಏನಾಗುತ್ತೆ?’ ‘ಈ ಕೆಲಸದಲ್ಲಿ ಮೊದಲು ಇದ್ದವರು ಈಗ ಎಲ್ಲಿದ್ದಾರೆ?’ ಕೇಳಿದ ಮೇಲೆ ಸುಮ್ಮನಿರಿ. ಮೌನ ಸಹಿಸಲಾಗದೆ ನೀವೇ ಉತ್ತರ ಒದಗಿಸಿಬಿಡುವುದು ಬಹಳ ಮಂದಿ ಮಾಡುವ ತಪ್ಪು.

ನಿಜವಾದ ಉತ್ತರದಲ್ಲಿ ವಿವರ ಇರುತ್ತದೆ: ಯಾವಾಗ, ಎಂಥ ಗ್ರಾಹಕ, ಎಷ್ಟು ನಷ್ಟ, ಒಳಗೆ ಯಾರು ವಿರೋಧಿಸಿದರು. ‘ನಾವೆಲ್ಲ ಒಂದು ಕುಟುಂಬದ ಹಾಗೆ’ ಎಂಬ ಮಾತಷ್ಟೇ ಬಂದರೆ ಉತ್ತರ ಬಂದಿಲ್ಲವೆಂದೇ ಎಣಿಸಿ. ಒಂದೇ ಪ್ರಶ್ನೆಯನ್ನು ಎಚ್‌ಆರ್‌ಗೂ ಮ್ಯಾನೇಜರಿಗೂ ಕೇಳಿ ನೋಡಿ, ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಇನ್ನಷ್ಟು ಕೆದಕಿ.

ಮೊದಲ ಸುತ್ತಿನಲ್ಲೇ ಇವನ್ನು ಹರಡಬೇಡಿ. ಆಫರ್ ಲೆಟರ್ ಕೈಗೆ ಬಂದು, ಸಹಿ ಹಾಕುವುದಕ್ಕೆ ಮುಂಚಿನ ಎರಡು ಮೂರು ದಿನ ನಿಮ್ಮ ಮಾತಿಗೆ ಅತಿ ಹೆಚ್ಚು ತೂಕ. ಆಗ, ಮ್ಯಾನೇಜರ್ ಇಲ್ಲದೆ ತಂಡದ ಒಬ್ಬರ ಜತೆ ಅರ್ಧ ಗಂಟೆ ಮಾತಾಡಲು ಅವಕಾಶ ಕೇಳಿ. ಬಾಯಲ್ಲಿ ಕೊಟ್ಟ ಭರವಸೆ ಲೆಟರಿನಲ್ಲಿ ಇಲ್ಲದಿದ್ದರೆ, ‘ನಾವು ಮಾತಾಡಿದ್ದು ಹೀಗೆ’ ಎಂದು ಇಮೇಲ್ ಬರೆದು ಒಪ್ಪಿಗೆ ಪಡೆಯಿರಿ. ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು), ನೋಟಿಸ್ ಅವಧಿ, ಸಂಬಳದಲ್ಲಿ ಖಚಿತವಲ್ಲದ ಪಾಲು ಎಷ್ಟು, ಇಷ್ಟನ್ನಂತೂ ಓದದೆ ಸಹಿ ಬೇಡ.

ಪ್ರಶ್ನೆ: ‘ಬಿ ಕಾರ್ಪ್’ನಂಥ ಪ್ರಮಾಣಪತ್ರ ಇದ್ದರೆ ಕಣ್ಣು ಮುಚ್ಚಿ ಸೇರಬಹುದೇ?

ಉತ್ತರ: ಕಣ್ಣು ಮುಚ್ಚಬೇಡಿ. ಬಿ ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ಕೊಡುವ ಈ ಪ್ರಮಾಣಪತ್ರ, ನೌಕರರು, ಪರಿಸರ, ಆಡಳಿತ ಮುಂತಾದವನ್ನು ಇಡೀ ಕಂಪನಿಯ ಮಟ್ಟದಲ್ಲಿ ಅಳೆಯುತ್ತದೆ. ನಿಮ್ಮ ದಿನ ಹೇಗಿರುತ್ತದೆಂಬುದು ನಿಮ್ಮ ಮ್ಯಾನೇಜರ್ ಕೈಯಲ್ಲಿರುತ್ತದೆ, ಅವರನ್ನು ಯಾರೂ ಅಳೆದಿರುವುದಿಲ್ಲ.

ಪ್ರಶ್ನೆ: ಸೇರಿ ಎರಡು ತಿಂಗಳಾಯಿತು. ಹೇಳಿದ್ದೇ ಒಂದು, ನಡೆಯುತ್ತಿರುವುದೇ ಇನ್ನೊಂದು. ಬಿಟ್ಟುಬಿಡಲೇ?

ಉತ್ತರ: ತೊಂದರೆ ಕಂಪನಿಯದ್ದೋ ಮ್ಯಾನೇಜರದ್ದೋ ಮೊದಲು ನೋಡಿ. ಪಕ್ಕದ ತಂಡದವರ ಜತೆ ನಾಲ್ಕು ದಿನ ಊಟಕ್ಕೆ ಕೂತರೆ ಗೊತ್ತಾಗುತ್ತದೆ. ಅವರೂ ಇದೇ ಗೋಳು ಹೇಳಿದರೆ ಬೇರೆ ಕೆಲಸ ಹುಡುಕಲು ಶುರುಮಾಡಿ. ಅಲ್ಲಿ ಎಲ್ಲ ಸರಿಯಿದ್ದರೆ ತಂಡ ಬದಲಾವಣೆ ಕೇಳಿ, ಪ್ರೊಬೇಷನ್ ಮುಗಿಯುವ ಮೊದಲೇ ಕೇಳುವುದು ಒಳಿತು. ಕಿರಿಕಿರಿ ಬೇರೆ, ನಿಮ್ಮ ‘ಮಾಡಲಾರೆ’ ಪಟ್ಟಿ ಮುರಿಯುವುದು ಬೇರೆ. ತಡರಾತ್ರಿ ಇಮೇಲ್ ಬರುವುದು ಬಹುಮಟ್ಟಿಗೆ ಮೊದಲನೆಯದು.

ಸುಳ್ಳು ದಾಖಲೆಗೆ ಸಹಿ ಹಾಕೆಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಹಾಕಬೇಡಿ. ‘ಫೋನಿನಲ್ಲಿ ತಾವು ಹೀಗೆ ಹೇಳಿದಿರಿ, ನಾನು ಸರಿಯಾಗಿ ಕೇಳಿಸಿಕೊಂಡೆನೇ?’ ಎಂದು ಇಮೇಲ್ ಕಳಿಸಿ. ಬಹಳ ಸಲ ಅಪ್ಪಣೆ ಅಲ್ಲಿಗೇ ಕರಗಿಹೋಗುತ್ತದೆ. ತಾರೀಖು ಹಾಕಿ ನಿಮ್ಮದೇ ಟಿಪ್ಪಣಿ ಬರೆದಿಟ್ಟುಕೊಳ್ಳಿ. ಆದರೆ ಪುರಾವೆ ಎಂದುಕೊಂಡು ಗ್ರಾಹಕರ ಪಟ್ಟಿಯನ್ನೋ ಕಂಪನಿಯ ಫೈಲುಗಳನ್ನೋ ಸ್ವಂತ ಇಮೇಲಿಗೆ ಕಳಿಸಿಕೊಳ್ಳಬೇಡಿ. ಆಗ ವಿಚಾರಣೆ ನಿಮ್ಮ ಮೇಲೆ ನಡೆಯುತ್ತದೆ.