ಮಗಳ ಮೊಬೈಲಿನಲ್ಲಿ ಅಪ್ಪನ ಕಣ್ಣು

ಪ್ರಶ್ನೆ: ಮಗಳಿಗೆ 17 ವರ್ಷ, ದ್ವಿತೀಯ ಪಿಯುಸಿ. ನೀಟ್ ಕೋಚಿಂಗ್ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ನನ್ನ ಗಂಡ ಅವಳಿಗೆ ತಿಳಿಯದಂತೆ ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದ್ದಾರೆ. ಅವಳು ಎಲ್ಲಿದ್ದಾಳೆ ಎಂಬುದಷ್ಟೇ ಅಲ್ಲ, ಗೆಳತಿಯರ ಮೆಸೇಜುಗಳೂ ಇವರಿಗೆ ಕಾಣುತ್ತವೆ. ಕಳೆದ ತಿಂಗಳು ಕೋಚಿಂಗ್ ಹೊತ್ತಿನಲ್ಲಿ ನಕ್ಷೆಯ ಚುಕ್ಕಿ ಚಿತ್ರಮಂದಿರದ ಮೇಲೆ ನಿಂತಿತ್ತು. ಅವಳು ಮನೆಗೆ ಬಂದೊಡನೆ “ಸಿನಿಮಾ ಹೇಗಿತ್ತು?” ಎಂದು ಕೇಳಿದರು. ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿದ್ದಳಂತೆ. ನೋಟ್ಸ್ ಹಾಳೆಗಳನ್ನು ಊಟದ ಮೇಜಿನ ಮೇಲೆ ಸುರಿದು ಅತ್ತುಬಿಟ್ಟಳು. “ಯಾರೋ ನೋಡಿ ಹೇಳಿದರು” ಎಂದು ಇವರು ಜಾರಿಕೊಂಡರು. ಚಾಡಿ ಹೇಳಿದ್ದು ಸೋದರಮಾವನೇ ಎಂದುಕೊಂಡು ಅವಳು ನನ್ನ ತಮ್ಮನ ಜೊತೆ ಮಾತು ಬಿಟ್ಟಿದ್ದಾಳೆ. ನಿಜ ಹೇಳಿಬಿಡಲೇ? “ಹೆತ್ತವರಿಗೆ ಇಷ್ಟೂ ಹಕ್ಕಿಲ್ಲವೇ?” ಎನ್ನುತ್ತಾರೆ ಇವರು. ಹತ್ತನೇ ತರಗತಿಯ ಮಗನ ಮೊಬೈಲಿನಲ್ಲಿ ಇಂಥದ್ದೇನೂ ಇಲ್ಲ. ಅವನು ಸ್ಕೂಟರಿನಲ್ಲೇ ಟ್ಯೂಷನ್‌ಗೆ ಹೋಗಿ ಬರುತ್ತಾನೆ.
– ಹೆಸರು ಬೇಡ, ಹಾಸನ

ಉತ್ತರ: ನಿಜ ಹೇಳಲೇಬೇಕು. ಹೇಳಬೇಕಾದವರು ಮಾತ್ರ ನೀವಲ್ಲ, ನಿಮ್ಮ ಯಜಮಾನರು. ಮಾಡಿದವರು ಅವರು, ಸುಳ್ಳಿನ ಹೊರೆ ಹೊತ್ತಿರುವವರು ಏನೂ ಅರಿಯದ ನಿಮ್ಮ ತಮ್ಮ.

ರಾತ್ರಿ ಎಂಟಕ್ಕೆ ಮಗಳು ಎಲ್ಲಿದ್ದಾಳೆ ಎಂದು ತಿಳಿಯುವ ಆಸೆ ತಪ್ಪಲ್ಲ. ಬಸ್ ನಿಲ್ದಾಣದ ದೀಪ ಕೆಟ್ಟಿರುವ ಊರುಗಳಲ್ಲಿ ಆ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಆ ಚುಕ್ಕಿಯನ್ನು ಅವರು ಅತಿಯಾಗಿ ನಂಬಿದ್ದಾರೆ. ಬಯಲಿನಲ್ಲಿ ಜಿಪಿಎಸ್ ಕೆಲವೇ ಮೀಟರುಗಳ ಅಂತರದಲ್ಲಿ ಜಾಗ ತೋರಿಸುತ್ತದೆ. ಕಟ್ಟಡದೊಳಗೆ ಉಪಗ್ರಹದ ಸಂಕೇತ ಸರಿಯಾಗಿ ತಲುಪುವುದಿಲ್ಲ. ಆಗ ಮೊಬೈಲ್ ಸುತ್ತಲಿನ ವೈಫೈ, ಟವರ್‌ಗಳನ್ನು ಆಧರಿಸಿ ಅಂದಾಜು ಮಾಡುತ್ತದೆ. ಜೆರಾಕ್ಸ್ ಅಂಗಡಿ ಚಿತ್ರಮಂದಿರವಾಗಲು ಅಷ್ಟು ಸಾಕು.

ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಇದರ ಮುಂದಿನ ಅಂಕವನ್ನೂ ಕಂಡಿದ್ದೇನೆ. ಮನೆಯವರು ಹಿಂಬಾಲಿಸುತ್ತಿದ್ದಾರೆಂದು ತಿಳಿದ ಹುಡುಗಿಯರು ಮೊಬೈಲನ್ನು ಗೆಳತಿಯ ಬ್ಯಾಗಿಗೆ ಸೇರಿಸಿ ಹೊರಡುತ್ತಿದ್ದರು. ಚುಕ್ಕಿ ಗ್ರಂಥಾಲಯದಲ್ಲಿ, ಹುಡುಗಿ ಇನ್ನೆಲ್ಲೋ. ಅಂಥ ಹೊತ್ತಿನಲ್ಲಿ ಏನಾದರೂ ಅವಘಡವಾದರೆ 112ಕ್ಕೆ ಕರೆ ಮಾಡಲೂ ಕೈಯಲ್ಲಿ ಮೊಬೈಲ್ ಇರುವುದಿಲ್ಲ.

ಮೆಸೇಜು ಓದುವುದಂತೂ ನನಗೆ ಸಹಿಸಲಾಗದ ಸಂಗತಿ. ಗೆಳತಿಯೊಬ್ಬಳು ತನ್ನ ಮುಟ್ಟಿನ ನೋವನ್ನೋ ಅಪ್ಪನ ಕುಡಿತವನ್ನೋ ನಿಮ್ಮ ಮಗಳಿಗೆ ಬರೆದಿರುತ್ತಾಳೆ. ಅದನ್ನು ನಿಮ್ಮ ಯಜಮಾನರು ಕಚೇರಿಯಲ್ಲಿ ಕುಳಿತು ಓದುತ್ತಾರೆ. ಆ ಹುಡುಗಿಯ ತಾಯಿಗೆ ತಿಳಿದರೆ ಏನೆಂದು ಉತ್ತರ ಕೊಡುತ್ತಾರೆ? ಇಂಥ ಗುಪ್ತ ಆ್ಯಪ್‌ಗಳನ್ನು ಸಾಮಾನ್ಯವಾಗಿ ಪ್ಲೇ ಸ್ಟೋರಿನ ಹೊರಗಿನಿಂದ ತಂದು, ಮೊಬೈಲಿನ ರಕ್ಷಣಾ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿ ಹಾಕುತ್ತಾರೆ. ಕದ್ದ ಮಾಹಿತಿಯೆಲ್ಲ ಯಾವುದೋ ಕಂಪನಿಯ ಸರ್ವರಿನಲ್ಲಿ ಕೂಡುತ್ತದೆ. ಅಂಥ ಕಂಪನಿಗಳಿಂದ ಮಾಹಿತಿ ಸೋರಿಹೋದ ಉದಾಹರಣೆಗಳು ಬೇಕಾದಷ್ಟಿವೆ. ಕಾವಲಿಗೆಂದು ಹಾಕಿಸಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದಾರೆ.

ಹಕ್ಕಿನ ಮಾತು ಎತ್ತಿದ್ದಾರಲ್ಲ, ಅದಕ್ಕೂ ಬರೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ಚಲನವಲನದ ಮೇಲೆ ಕಣ್ಣಿಡಬಾರದೆಂದು ಕಂಪನಿಗಳಿಗೆ ಹೇಳುತ್ತದೆ, ಕೆಲವು ವಿನಾಯಿತಿಗಳೊಂದಿಗೆ. ಆದರೆ ವ್ಯಕ್ತಿಯೊಬ್ಬ ಸ್ವಂತಕ್ಕೆ, ಮನೆಯ ಮಟ್ಟಿಗೆ ಮಾಡುವುದು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇನ್ನು 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಕ್ಕಳಿಗೂ ಖಾಸಗಿತನವುಂಟು ಎನ್ನುತ್ತದೆ. ಮಗುವಿನ ತಿಳಿವಳಿಕೆ ಬೆಳೆದಂತೆ ಹೆತ್ತವರ ಮಾರ್ಗದರ್ಶನವೂ ಅದಕ್ಕೆ ಹೊಂದಿಕೊಳ್ಳಬೇಕು ಎಂಬುದೂ ಅದರಲ್ಲಿದೆ. ಮುಂದಿನ ವರ್ಷ ಮತ ಹಾಕುವವಳನ್ನು ಒಂದನೇ ತರಗತಿಯ ಮಗುವಿನಂತೆ ಕಾಯಲಾಗದು.

ಮಗನ ವಿಷಯ ನೀವು ಕೊನೆಗೆ ಎರಡು ಮಾತಿನಲ್ಲಿ ಮುಗಿಸಿದ್ದೀರಿ, ನಾನು ಮುಗಿಸಲಾರೆ. ಹತ್ತನೇ ತರಗತಿಯ ಹುಡುಗನಿಗೆ ಗೇರ್ ಇಲ್ಲದ ಸ್ಕೂಟರಿಗೂ ಲೈಸೆನ್ಸ್ ಸಿಗುವ ವಯಸ್ಸಲ್ಲ. ಅವನು ಓಡಿಸಿ ಸಿಕ್ಕಿಬಿದ್ದರೆ ಸಾಕು, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನಿಮ್ಮ ಮನೆಯಲ್ಲಿ ಕಾನೂನು ಮುರಿಯುತ್ತಿರುವವನು ಅವನು. ಕಾವಲು ಮಾತ್ರ ನೋಟ್ಸ್ ಮಾಡಿಸುವವಳಿಗೆ. ಯಜಮಾನರ ಭಯ ಸುರಕ್ಷತೆಯದ್ದೇ ಆಗಿದ್ದರೆ ಸ್ಕೂಟರಿನ ಬೀಗದ ಕೈ ಇಷ್ಟು ಹೊತ್ತಿಗೆ ಅವರ ಜೇಬಿನಲ್ಲಿರಬೇಕಿತ್ತು.

ಈ ಭಾನುವಾರವೇ ಅವರು ಮಗಳನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಲಿ, ಅವಳ ಎದುರಿಗೇ ಆ್ಯಪ್ ತೆಗೆಯಲಿ. ಅವಳು ಕೂಗಾಡಿದರೆ ಸುಮ್ಮನೆ ಕೇಳಿಸಿಕೊಳ್ಳಲಿ. ಮಾವನಿಗೆ ಅವಳೇ ಫೋನ್ ಮಾಡಲಿ ಎಂದು ಒತ್ತಾಯಿಸಬೇಡಿ; ಕ್ಷಮೆ ಕೇಳಬೇಕಾದವರು ಅಲ್ಲಿಯೂ ನಿಮ್ಮ ಯಜಮಾನರೇ. ರಾತ್ರಿಯ ದಾರಿಗೆ ವಾಟ್ಸ್‌ಆ್ಯಪಿನ ಲೈವ್ ಲೊಕೇಶನ್ ಸಾಕು: 15 ನಿಮಿಷ, ಒಂದು ಗಂಟೆ ಅಥವಾ ಎಂಟು ಗಂಟೆಗೆ ಹಾಕಬಹುದು, ತಾನಾಗಿ ನಿಂತುಹೋಗುತ್ತದೆ. ಕೋಚಿಂಗ್‌ನಿಂದ ಹೊರಡುವಾಗ ಅವಳೇ ಹಾಕಲಿ. ಅಪ್ಪ ಊರಿಗೆ ಹೋದಾಗ ತಮ್ಮದನ್ನೂ ಅವಳಿಗೆ ಕಳಿಸಲಿ.

ಯಜಮಾನರು ಒಪ್ಪದಿದ್ದರೆ, ನೀವೇ ಹೇಳಿಬಿಡುತ್ತೀರೆಂದು ಮೊದಲು ಅವರಿಗೆ ತಿಳಿಸಿ, ಆಮೇಲೆ ಹೇಳಿ. ನೀಟ್ ಮುಗಿಯಲಿ ಎಂದು ಮುಂದೂಡಬೇಡಿ. ಅಷ್ಟರಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತಿದೆ ಎಂದು ಅವಳು ಮೊಬೈಲನ್ನು ರಿಪೇರಿಗೆ ಕೊಟ್ಟರೆ, ಅಂಗಡಿಯ ಹುಡುಗನೇ ಆ ಆ್ಯಪನ್ನು ತೆಗೆದು ತೋರಿಸಬಹುದು.