ಸೊನಾಟಾನೂ ಬೇಡ, ಖಯಾಲೂ ಬೇಡ, ಸುಳಾದಿ ಹಿಡೀರಿ

ಸಿಂಧನೂರಿನ ಕಡೆಯ ಕಾಲುವೆ ರೈತರ ಕಾದಂಬರಿಗೆ ಪಾಶ್ಚಾತ್ಯ ವಾದ್ಯಸಂಗೀತದ ಸೊನಾಟಾದ ಚೌಕಟ್ಟು ಹಾಕಲೋ, ಹಿಂದೂಸ್ತಾನಿಯ ನಿಧಾನ ಗಾಯನವಾದ ಬಡಾ ಖಯಾಲಿನದೋ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ತಲೆಯಲ್ಲಿ ಹೊತ್ತು ತಿರುಗಿದವನೇ. ನೇರವಾಗಿ ಹೇಳ್ತೀನಿ, ಎರಡೂ ಬೇಡ. ನಮ್ಮ ದಾಸರು ಹಲವು ತಾಳಗಳಲ್ಲಿ ಕಟ್ಟಿದ ಸುಳಾದಿ ಹಿಡೀರಿ.

ಇಂಥ ಕರಡುಗಳು ಕೆಡೋದು ಒಂದೇ ಜಾಗದಲ್ಲಿ. ಪಲ್ಲವಿ ಮತ್ತೆ ಮತ್ತೆ ಬರುತ್ತಲ್ಲ ಅಂತ ಮೊದಲ ಅಧ್ಯಾಯದ ಒಂದು ಚಂದದ ವಾಕ್ಯವನ್ನೇ ನಾಲ್ಕನೇ, ಎಂಟನೇ, ಹನ್ನೆರಡನೇ ಅಧ್ಯಾಯಕ್ಕೂ ಅಂಟಿಸುತ್ತಾರೆ. ಹಾಡಿನಲ್ಲಿ ಅದು ನಡೆಯುತ್ತದೆ. ಚರಣದುದ್ದಕ್ಕೂ ಕಿವಿ ಪಲ್ಲವಿಗೇ ಕಾಯುತ್ತಿರುತ್ತದೆ, ತಾಳ ಅದನ್ನು ಸರಿಯಾದ ಎಡೆಗೆ ತಂದು ನಿಲ್ಲಿಸುತ್ತದೆ, ಹಾಡುವವರು ಪ್ರತಿ ಸಲ ಸಂಗತಿ, ಅಂದರೆ ಅದೇ ಸಾಲನ್ನು ಹಾಡುವ ಬಗೆ, ಬದಲಿಸುತ್ತಾರೆ. ಗದ್ಯಕ್ಕೆ ಈ ಮೂರೂ ಇಲ್ಲ. ಓದುಗ ಎರಡನೇ ಸಲ ‘ಇದು ಗೊತ್ತಿರೋದೇ’ ಅಂತ ಹಾರಿಸುತ್ತಾನೆ, ಮೂರನೇ ಸಲ ಪುಸ್ತಕ ಮುಚ್ಚುತ್ತಾನೆ. ಮರಳಿ ಬರಬೇಕಾದ್ದು ಸನ್ನಿವೇಶ. ರಾತ್ರಿ ತೂಬಿನ ಹತ್ತಿರ ನೀರಿಗೆ ಕಾಯುವುದು ಅಂತಿಟ್ಟುಕೊಳ್ಳಿ: ಮೊದಲ ಸಲ ಅಪ್ಪನ ಜೊತೆ, ಎರಡನೇ ಸಲ ಒಬ್ಬನೇ, ಮೂರನೇ ಸಲ ಕೈಯಲ್ಲಿ ಹಾರೆ ಹಿಡಿದು, ತೂಬು ಒಡೆಯೋಕೆ. ಮೂರು ಸಲವೂ ಒಂದೇ ಒಂದು ಮಾತು ಹೊಂದಬೇಕಿಲ್ಲ.

ಸೊನಾಟಾದ ಜೀವ ಇರೋದು ಶ್ರುತಿಯಲ್ಲಿ. ಆರಂಭದಲ್ಲಿ ಬೇರೆ ಶ್ರುತಿಯಲ್ಲಿ ಬಂದ ಎರಡನೇ ವಿಷಯ, ಕೊನೆಯ ಭಾಗದಲ್ಲಿ ಮೂಲ ಶ್ರುತಿಗೆ ಬಂದು ಸೇರುತ್ತದೆ. ಗದ್ಯಕ್ಕೆ ಇಳಿಸಿದರೆ ಅದು ಬರೀ ರಾಜಿ ಪಂಚಾಯಿತಿ. ಖಯಾಲಿನಲ್ಲಿ ಅತಿ ವಿಲಂಬಿತ ಏಕತಾಳದ 12 ಮಾತ್ರೆಯ (ಎಣಿಕೆಯ) ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಆ ನಿಧಾನ ಬೇಸರ ತರಿಸದಿರುವುದು ಕೆಳಗೆ ತಬಲಾದ ಠೇಕಾ, ಅಂದರೆ ತಾಳ ಹಿಡಿಯುವ ಬಡಿತ, ನಡೆಯುತ್ತಿರುವುದರಿಂದ. ಠೇಕಾ ಇಲ್ಲದೆ ನಿಧಾನ ಮಾಡಿದರೆ ನೂರು ಪುಟ ಬಿಸಿಲಿನ ವರ್ಣನೆ ಆಗುತ್ತದೆ. ರಾಯಚೂರಿನ ಬಿಸಿಲು ಓದುಗರಿಗೆ ಹೊಸದೂ ಅಲ್ಲ! ಒಂದೇ ವಿಷಯವನ್ನು ಹಲವು ದನಿ ಒಂದರ ಬೆನ್ನಿಗೊಂದು ಹಿಡಿಯುವ ಪಾಶ್ಚಾತ್ಯ ಫ್ಯೂಗಿನ ಆಸೆ ಇದ್ದರೆ ಅದನ್ನೂ ಬಿಡಿ. 1922ರ ‘ಯುಲಿಸಿಸ್’ನಲ್ಲಿ ಜೇಮ್ಸ್ ಜಾಯ್ಸ್ ಪ್ರಯತ್ನಿಸಿದ, ಆದರೆ ಒಂದೇ ಅಧ್ಯಾಯಕ್ಕೆ. ಎರಡು ದನಿ ಒಟ್ಟಿಗೆ ಕೇಳಿಸೋದು ಅಚ್ಚಿನ ಸಾಲಿಗೆ ಆಗದ ಕೆಲಸ.

ಈಗ ಸುಳಾದಿ. ನಿಮ್ಮ ಜಿಲ್ಲೆಯ ಚೀಕಲಪರ್ವಿಯಲ್ಲೇ ಹುಟ್ಟಿದ ವಿಜಯದಾಸರದ್ದು ತೆಗೆದು ನೋಡಿ: ವಿಷಯ ಒಂದೇ, ನುಡಿಯಿಂದ ನುಡಿಗೆ ತಾಳ ಬದಲಾಗುತ್ತದೆ, ಕೊನೆಗೆ ‘ಜತೆ’ ಅನ್ನೋ ಎರಡು ಸಾಲಿನ ಮುಕ್ತಾಯ. ಸಪ್ತತಾಳಗಳನ್ನು ರೂಢಿಯ ಜಾತಿಯಲ್ಲಿ (ವಾಡಿಕೆಯ ಅಳತೆಯಲ್ಲಿ) ಹಿಡಿದರೆ ಧ್ರುವಕ್ಕೆ 14 ಅಕ್ಷರ (ತಾಳದ ಎಣಿಕೆ, ಬರಹದ ಅಕ್ಷರವಲ್ಲ), ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಒಟ್ಟು 65. ಅಕ್ಷರಕ್ಕೆ ಸಾವಿರ ಪದ ಅಂತ ಹಾಕಿದರೆ 65,000 ಪದದ ಕಾದಂಬರಿ. ಎಲ್ಲ ಸುಳಾದಿಯಲ್ಲೂ ಏಳೂ ತಾಳ ಇದೇ ಕ್ರಮದಲ್ಲಿ ಬರೋದಿಲ್ಲ, ನಾವು ಎರವಲು ತರುತ್ತಿರೋದು ಲೆಕ್ಕ ಮಾತ್ರ.

ಲೆಕ್ಕಕ್ಕಿಂತ ಒಳಗಿನ ಒಡೆತ ಮುಖ್ಯ. ಮಠ್ಯವೂ 10, ಝಂಪೆಯೂ 10. ಆದರೆ ಮಠ್ಯ 4, 2, 4 ಅಂತ ಒಡೆಯುತ್ತದೆ, ಝಂಪೆ 7, 1, 2 ಅಂತ. ಮಠ್ಯದ ಭಾಗದಲ್ಲಿ ಅಣ್ಣತಮ್ಮರ ಪಾಲಿನ ಜಗಳಕ್ಕೆ 4,000 ಪದ, ನಡುವೆ ಅವ್ವನ ಸಾವಿಗೆ 2,000, ಮತ್ತೆ ಅದೇ ಜಗಳಕ್ಕೆ 4,000. ಝಂಪೆಯಲ್ಲಿ ಭತ್ತ ನಾಟಿ ಮಾಡಿ ನೀರು ನಂಬಿಕೊಂಡ 7,000 ಪದ, ಆಮೇಲೆ 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋದ ರಾತ್ರಿಗೆ ಬರೀ 1,000, ಊರಿನ ಮಾತಿಗೆ 2,000. ಆ ಸಾವಿರದೊಳಗೆ ಡ್ಯಾಮಿನ ಇತಿಹಾಸ ತುರುಕಿ ಮೂರು ಸಾವಿರ ಮಾಡಿದಿರೋ, ಝಂಪೆ ಸತ್ತಿತು. ಇತಿಹಾಸ ಏನಿದ್ದರೂ ಮೊದಲ ಏಳರಲ್ಲೇ ಮುಗಿಯಲಿ. ಅಟ್ಟ 5, 5, 2, 2. ಎರಡು ಉದ್ದ ದೃಶ್ಯದ ಬೆನ್ನಿಗೆ ಎರಡು ಗಿಡ್ಡ ದೃಶ್ಯ ಬರೋದರಿಂದ ಹಾರೆ ಹಿಡಿದ ರಾತ್ರಿಗೆ ಅದೇ ಸರಿ.

ಭಾಗಗಳ ತಲೆಗೆ ತಾಳದ ಹೆಸರು ಹಾಕಬೇಡಿ. ಕಾದಂಬರಿಯ ಕೊನೆಯ ‘ಜತೆ’ ಅರ್ಧ ಪುಟ ಮೀರಿತು ಅಂದರೆ ಏಕದ ಭಾಗದಲ್ಲಿ ಏನೋ ಹೇಳದೆ ಉಳಿದಿದೆ ಅಂತ. ಅದನ್ನು ಅಲ್ಲೇ ಹೇಳಿ ಮುಗಿಸಿ, 4,000 ದಾಟಿದರೂ ಅಡ್ಡಿಯಿಲ್ಲ.